ಎಂಟನೆಯ ಸ್ಕ್ರೂ

ಶಾಲೆಯಲ್ಲಿ ನನ್ನ ಪಕ್ಕ ಕೂರಲು ಯಾರೂ ಒಪ್ಪುತ್ತಿರಲಿಲ್ಲ. ನಾನು ಪೆಟ್ಟಿಗೆ ಮೇಸ್ತ್ರಿಯ ಮಗಳು. ಅಪ್ಪ ಶವದ ಪೆಟ್ಟಿಗೆ ಮಾಡುತ್ತಿದ್ದ. ಮಂಚ, ಮೇಜು, ಬಾಗಿಲು ಏನು ಬೇಕಾದರೂ ಮಾಡಬಲ್ಲ ಕೈ, ಆದರೆ ಬೇರೇನೂ ಮಾಡುತ್ತಿರಲಿಲ್ಲ. ಮಂಚ ಮಾಡಿಕೊಟ್ಟರೆ ಕಾಲು ಅಲುಗಾಡುತ್ತದೆ ಎಂದು ಜನ ವಾಪಸು ಬರುತ್ತಾರೆ, ನನ್ನ ಗಿರಾಕಿಗಳಲ್ಲಿ ಒಬ್ಬರೂ ಇವತ್ತಿನವರೆಗೆ ದೂರು ತಂದಿಲ್ಲ ಎನ್ನುತ್ತಿದ್ದ. ಅವನಿಗೆ ಗೊತ್ತಿದ್ದ ಜೋಕು ಅದೊಂದೇ. ನಲವತ್ತು ವರ್ಷ ಅದನ್ನೇ ಹೇಳಿದ, ಪ್ರತಿ ಸಲವೂ ಮೊದಲು ನಕ್ಕವನು ಅವನೇ.

ನಮ್ಮದು ಉದ್ದಕ್ಕೆ ಇದ್ದು ಅಗಲಕ್ಕೆ ಇಲ್ಲದ ಮನೆ. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆ ಅಪ್ಪನ ಕಾರ್ಖಾನೆ, ಕೊನೆಯದು ಅಡುಗೆಮನೆ, ನಡುವಿನದು ಉಳಿದ ಎಲ್ಲದಕ್ಕೂ. ಆ ನಡುಮನೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಅಮ್ಮ ಪೆಟ್ಟಿಗೆಯೊಳಗೆ ಹಾಸುವ ಬಿಳಿ ಬಟ್ಟೆ ಹೊಲಿಯುತ್ತಿದ್ದಳು. ಅಪ್ಪನ ಉಜ್ಜುಗೊರಡಿನಿಂದ ಸುರುಳಿ ಸುರುಳಿಯಾಗಿ ಬೀಳುವ ಮರದ ಸಿಪ್ಪೆಯನ್ನು ಬಟ್ಟೆಯ ಚೀಲಕ್ಕೆ ತುಂಬಿ ನಾನು ಪುಟ್ಟ ದಿಂಬು ಮಾಡುತ್ತಿದ್ದೆ. ಓದು ಮುಗಿದ ಮೇಲೂ, ಮದುವೆಯಾಗಿ ಎರಡು ಬೀದಿ ಆಚೆ ಸಂಸಾರ ಹೂಡಿದ ಮೇಲೂ ದಿನಾ ಬಂದು ಅದನ್ನೇ ಮಾಡಿದೆ. ಆ ಕೆಲಸ ನನಗೆ ಇಷ್ಟವಾಗಿತ್ತು ಎಂದರೆ ಜನ ಒಂಥರಾ ನೋಡುತ್ತಾರೆ. ನೋಡಲಿ.

ಹಲಗೆ ಕೂಡಿಸಲು ಅಪ್ಪ ಹಳೆಯ ಕಾಲದ ಅಂಟನ್ನೇ ಬಳಸುತ್ತಿದ್ದ. ಕಂದು ಬಣ್ಣದ ಹರಳು ಅದು. ಹಿಂದಿನ ದಿನವೇ ನೀರಿಗೆ ಹಾಕಿ, ಬೆಳಗಿನ ಜಾವ ಪಾತ್ರೆಯೊಳಗೆ ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ ಎರಡು ಗಂಟೆ ಕಾಯಿಸಬೇಕು. ಕುದಿಯಬಾರದು, ತಳ ಹಿಡಿಯಬಾರದು, ಕೈ ಬಿಡದೆ ತಿರುವುತ್ತಿರಬೇಕು. ಅಪ್ಪ ಆರಕ್ಕೆ ಕೆಲಸ ಶುರು ಮಾಡುತ್ತಿದ್ದ, ಹಾಗಾಗಿ ಅಮ್ಮ ನಾಲ್ಕಕ್ಕೆ ಏಳುತ್ತಿದ್ದಳು. ಸಾವೇನು ಹೇಳಿ ಕಳಿಸಿ ಬರುತ್ತದೆಯೇ, ಅಂಟು ದಿನಾ ಸಿದ್ಧವಿರಬೇಕು ಎಂಬುದು ಅಪ್ಪನ ವಾದ. ಡಬ್ಬದಲ್ಲಿ ಬರುವ ಅಂಟು ಅಂಗಡಿಯಲ್ಲಿ ಸಿಗುತ್ತದಂತೆ ಎಂದು ಅಮ್ಮ ವರ್ಷಕ್ಕೊಮ್ಮೆಯಾದರೂ ಹೇಳಿದಳು. ಅದು ಹಿಡಿಯುವುದಿಲ್ಲ ಎಂದು ಅಪ್ಪ ಅಷ್ಟೇ ಸಲ ಹೇಳಿದ. ಹೀಗೆ ಮೂವತ್ತಾರು ವರ್ಷ ಅವಳು ಆ ವಾಸನೆಯಲ್ಲಿ ನಿಂತಳು. ಕೆಟ್ಟ ವಾಸನೆ ಅದು, ತೊಗಲು ಬೇಯಿಸಿದಂಥದ್ದು. ಅವಳ ಕೂದಲಿಗೆ ಹತ್ತಿದ್ದು ಏನು ಹಾಕಿ ತೊಳೆದರೂ ಪೂರ್ತಿ ಹೋಗುತ್ತಿರಲಿಲ್ಲ.

ಇನ್ನು ಅಪ್ಪನ ಗುಟ್ಟು. ಪೆಟ್ಟಿಗೆಯ ಮುಚ್ಚಳಕ್ಕೆ ಎಂಟು ಹಿತ್ತಾಳೆಯ ಸ್ಕ್ರೂ. ಮುಚ್ಚುವ ಹೊತ್ತಿಗೆ ಅಪ್ಪ ತಾನೇ ಹೋಗುತ್ತಿದ್ದ, ಬೇರೆಯವರ ಕೈಗೆ ಬಿಡುತ್ತಿರಲಿಲ್ಲ. ಮರದ ಹಿಡಿಯ ಹಳೆಯ ಸ್ಕ್ರೂಡ್ರೈವರ್ ಹಿಡಿದು ಏಳನ್ನು ಕೈ ಸೋಲುವಷ್ಟು ಬಿಗಿ ಮಾಡುತ್ತಿದ್ದ. ಎಂಟನೆಯದು ಮಲಗಿದವರ ಬಲ ಭುಜದ ಹತ್ತಿರದ್ದು. ಅದನ್ನೂ ಪೂರ್ತಿ ಬಿಗಿದು, ಆಮೇಲೆ ಅರ್ಧ ಸುತ್ತು ಹಿಂದಕ್ಕೆ ಬಿಡುತ್ತಿದ್ದ. ಕಣ್ಣಿಗೆ ಏನೂ ಕಾಣುವುದಿಲ್ಲ. ಹೆಬ್ಬೆರಳಿನಿಂದ ಸವರಿದರೆ ಮಾತ್ರ ಅದರ ತಲೆ ಕೂದಲೆಳೆಯಷ್ಟು ಮೇಲಿರುವುದು ಗೊತ್ತಾಗುತ್ತದೆ. ಒಳಗಿರುವವರು ಒಂದು ದಿನ ಏಳುವವರು, ಏಳುವವರ ಮುಖಕ್ಕೆ ಬಾಗಿಲು ಬಡಿಯಬಾರದು ಎಂಬುದು ಅವನ ಲೆಕ್ಕ. ಮನೆಯವರು ಇನ್ನೂ ಬರುವವರಿದ್ದಾರೆ ಎಂದರೆ ನಾವು ಅಗುಳಿ ಹಾಕದೆ ಬಾಗಿಲನ್ನು ಸುಮ್ಮನೆ ಮುಂದೆ ಮಾಡಿಡುವುದಿಲ್ಲವೇ, ಹಾಗೆ.

ಇದು ಗೊತ್ತಿದ್ದವರು ನಾಲ್ಕೇ ಜನ: ಅಮ್ಮ, ನಾನು, ಸ್ಮಶಾನದಲ್ಲಿ ಗುಂಡಿ ತೋಡುವ, ಊರೆಲ್ಲ ಅಣ್ಣ ಎಂದು ಕರೆಯುವವನು ಮತ್ತು ಪಾದ್ರಿ. ಪಾದ್ರಿಗೆ ಮೊದಲು ನಗು ಬಂದಿತ್ತು. ಸಮಾಧಿಯ ಬಾಯಿಗಿಟ್ಟ ಬಂಡೆಯನ್ನೇ ಉರುಳಿಸಿದ ದೇವರಿಗೆ ನಿನ್ನ ಅರ್ಧ ಸುತ್ತಿನ ಸಹಾಯ ಬೇಕೇ ಮೇಸ್ತ್ರಿ ಎಂದು ಕೇಳಿದ್ದರು. ಅದು ದೇವರಿಗಲ್ಲ, ಒಳಗಿರುವವರಿಗೆ ಎಂದ ಅಪ್ಪ. ಕತ್ತಲಲ್ಲಿ ಕಣ್ಣು ಬಿಟ್ಟಾಗ, ತಮಗಾಗಿ ಯಾರೋ ಕಾಯುತ್ತಿದ್ದಾರೆ ಎಂದು ಅವರಿಗೆ ತಿಳಿಯಬೇಕು ಎಂದ. ಪಾದ್ರಿ ಮತ್ತೆ ಆ ಮಾತಿಗೆ ನಗಲಿಲ್ಲ. ತಮ್ಮ ತಾಯಿಯ ಪೆಟ್ಟಿಗೆ ಮುಚ್ಚುವ ದಿನ, ಎಂಟನೆಯದು ನೆನಪಿದೆ ತಾನೇ ಎಂದು ಅಪ್ಪನ ಕಿವಿಯಲ್ಲಿ ಕೇಳಿದ್ದರಂತೆ.

ಅಪ್ಪನ ನಂಬಿಕೆಯಲ್ಲಿ ಹೊಯ್ದಾಟವೇ ಇರಲಿಲ್ಲ. ಆರಡಿ ಹಲಗೆ ಆರಡಿ ಎಂದು ನಂಬುವ ಹಾಗೆಯೇ ಅವನು ಪುನರುತ್ಥಾನವನ್ನೂ ನಂಬಿದ್ದ. ಮೂರನೆಯ ದಿನ ಒಬ್ಬ ಎದ್ದ. ಒಬ್ಬ ಎದ್ದ ಮೇಲೆ ಉಳಿದವರದು ಬರೀ ಸರದಿಯ ಪ್ರಶ್ನೆ. ಆ ದಿನಕ್ಕೆ ಅವನು ಇಟ್ಟ ಹೆಸರು 'ಆ ಬೆಳಿಗ್ಗೆ'. ಒಂದೇ ತೇಗದ ಮರದಿಂದ ತನಗೂ ಅಮ್ಮನಿಗೂ ಎರಡು ಪೆಟ್ಟಿಗೆ ಮಾಡಿ ಗೋಡೆಗೆ ಒರಗಿಸಿದ್ದ. ಸ್ಮಶಾನದಲ್ಲಿ ಅಕ್ಕಪಕ್ಕದ ಎರಡು ಜಾಗ ಹೇಳಿಟ್ಟಿದ್ದ. ಕಾಲು ಪೂರ್ವಕ್ಕಿರುತ್ತದೆ, ಎದ್ದು ಕೂತರೆ ಎದುರಿಗೆ ಸೂರ್ಯ, ಬಲಕ್ಕೆ ತಿರುಗಿದರೆ ನಿಮ್ಮಮ್ಮ ಎಂದು ನನಗೆ ಕೈ ತೋರಿಸಿ ವಿವರಿಸುತ್ತಿದ್ದ. ಆ ಬೆಳಿಗ್ಗೆ ಎಷ್ಟು ಗಂಟೆಗೆ ಅಂತ ಏನಾದರೂ ತಿಳಿಸಿದ್ದಾರಾ ಎಂದು ಅಮ್ಮ ಒಮ್ಮೆ ಕೇಳಿದಳು. ಸೂರ್ಯ ಹುಟ್ಟುವ ಹೊತ್ತಿಗೆ ಇರಬೇಕು ಎಂದು ಅಪ್ಪ ಗಂಭೀರವಾಗಿಯೇ ಉತ್ತರ ಕೊಟ್ಟ. ಹಾಗಾದರೆ ನಾನು ನಾಲ್ಕಕ್ಕೇ ಏಳಬೇಕು ಎಂದಳು ಅಮ್ಮ. ನಾನು ನಕ್ಕೆ. ಅವಳು ನಗಲಿಲ್ಲ, ಆದರೆ ಅದು ನನಗೆ ನೆನಪಾದದ್ದು ಬಹಳ ತಡವಾಗಿ.

ಅಮ್ಮನಿಗೆ ಶ್ವಾಸಕೋಶದ ಕಾಯಿಲೆ ಬಂತು. ಮೂರು ತಿಂಗಳು ನಡುಮನೆಯ ಕಿಟಕಿಯ ಪಕ್ಕ ಮಲಗಿದಳು. ಒಂದು ಮಧ್ಯಾಹ್ನ, ಮುಂದಿನ ಕೋಣೆಯಲ್ಲಿ ಅಪ್ಪ ಉಜ್ಜುವ ಸದ್ದು ಕೇಳುತ್ತಿರುವಾಗಲೇ, ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು.

"ನಿಮ್ಮಪ್ಪ ಅರ್ಧ ಸುತ್ತು ಬಿಡ್ತಾನಲ್ಲ, ನನ್ನದನ್ನ ನೀನು ಬಿಗಿ ಮಾಡ್ಬಿಡು."

ಜ್ವರದ ಬಡಬಡಿಕೆ ಎಂದುಕೊಂಡೆ. ಅವಳ ಕಣ್ಣು ನೋಡಿದರೆ ಹಾಗಿರಲಿಲ್ಲ.

"ಮೂವತ್ತಾರು ವರ್ಷ ಎದ್ದಿದ್ದೀನಿ. ಇನ್ನೊಂದು ಬೆಳಿಗ್ಗೆ ಏಳೋಕೆ ನನ್ನ ಕೈಲಾಗಲ್ಲ," ಎಂದಳು.

ಅಲ್ಲಿ ಕೆಲಸ ಇರುವುದಿಲ್ಲ, ಅಲ್ಲಿ ಎಲ್ಲರಿಗೂ ವಿಶ್ರಾಂತಿ ಎಂದು ಪಾದ್ರಿ ಹೇಳಿದ್ದಾರಲ್ಲ ಎಂದು ಸಮಾಧಾನ ಮಾಡಲು ಹೋದೆ. ಪಾದ್ರಿಯ ಮನೆಯಲ್ಲಿ ಒಲೆ ಹಚ್ಚುವವರು ಯಾರು ಎಂದು ಕೇಳಿದಳು. ಆ ಮೊದಲನೇ ಪುನರುತ್ಥಾನದ ದಿನವೂ ಬೆಳಕು ಹರಿಯುವ ಮುಂಚೆ ಎದ್ದು, ಕೈಯಲ್ಲಿ ಸುಗಂಧದ ಡಬ್ಬ ಹಿಡಿದು ಸಮಾಧಿಗೆ ಓಡಿದವರು ಹೆಂಗಸರೇ, ಗಂಡಸರು ಬಾಗಿಲು ಹಾಕಿಕೊಂಡು ಒಳಗಿದ್ದರು ಎಂದಳು. ಕೆಮ್ಮು ಬಂತು. ಕೆಮ್ಮಿನ ನಡುವೆಯೂ ತುಟಿಯಲ್ಲಿ ನಗು ಇತ್ತು. ನನಗೆ ಮೈ ಉರಿಯಿತು. ಹಾಗಾದರೆ ನೀನು ಇದನ್ನೆಲ್ಲ ನಂಬುವುದೇ ಇಲ್ಲವೇ ಎಂದು ಕೇಳಿಬಿಟ್ಟೆ.

"ನಂಬದೇ ಇದ್ದಿದ್ರೆ ನಿನಗ್ಯಾಕೆ ಹೇಳ್ತಿದ್ದೆ? ಏಳ್ಬೇಕಾಗುತ್ತೆ ಅಂತ ಗೊತ್ತಿರೋದಕ್ಕೇ ಹೇಳ್ತಿರೋದು. ಮಾತು ಕೊಡು."

ಕೊಟ್ಟೆ. ಸಾಯುವವರು ಕೇಳಿದರೆ ಕೊಡದೆ ಇರಲಾಗುತ್ತದೆಯೇ? ಆದರೂ ಹೇಳುತ್ತೇನೆ, ಅಮ್ಮ ನನಗೆ ಮಾಡಿದ್ದು ಅನ್ಯಾಯ. ಗಂಡನಿಗೆ ಹೇಳಬೇಕಾದದ್ದನ್ನು ಮಗಳ ಕೈಯಲ್ಲಿ ಮಾಡಿಸಿ ತಾನು ಹೋಗಿಬಿಟ್ಟಳು. ನುಂಗಲಾರದ, ಉಗುಳಲಾರದ ಬಿಸಿ ತುಪ್ಪ ನನ್ನ ಗಂಟಲಲ್ಲಿ ಉಳಿಯಿತು.

ಅವಳ ಪೆಟ್ಟಿಗೆಯನ್ನು ಅಪ್ಪನೇ ಮುಚ್ಚಿದ. ಏಳು ಬಿಗಿದ, ಎಂಟನೆಯದನ್ನು ಅರ್ಧ ಸುತ್ತು ಬಿಟ್ಟ, ಹೆಬ್ಬೆರಳಿನಿಂದ ಸವರಿ ನೋಡಿದ. ಸ್ಕ್ರೂಡ್ರೈವರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅಂಗಿ ಬದಲಿಸಿ ಬರುತ್ತೇನೆಂದು ಹೋದ. ಕೋಣೆಯಲ್ಲಿ ನಾನೊಬ್ಬಳೇ. ಎರಡು ನಿಮಿಷದ ಕೆಲಸ. ಅಭ್ಯಾಸವಿಲ್ಲದ ಕೈ, ಒಮ್ಮೆ ಜಾರಿತು, ಸ್ಕ್ರೂವಿನ ತಲೆಯ ಮೇಲೆ ಓರೆಯಾಗಿ ಒಂದು ಗೀರು ಬಿತ್ತು. ಮತ್ತೆ ಇಟ್ಟು ಕೂರುವವರೆಗೂ ತಿರುಗಿಸಿದೆ. ಅಪ್ಪ ಒಗೆದ ಅಂಗಿ ಹಾಕಿಕೊಂಡು ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟು, ಆ ಬೆಳಿಗ್ಗೆ ಸಿಗೋಣ ಎಂದ. ನಾನು ಗೋಡೆ ನೋಡುತ್ತಿದ್ದೆ.

ಅಮ್ಮ ಹೋದ ಇಪ್ಪತ್ತನೆಯ ದಿನ ಅಪ್ಪ ಅಂಗಡಿಗೆ ಹೋಗಿ ಡಬ್ಬದ ಅಂಟು ತಂದ. ಇದನ್ನು ನಾನು ಬರೆಯದೆ ಬಿಡುವುದಿಲ್ಲ. ಮೂವತ್ತಾರು ವರ್ಷ ಹಿಡಿಯದ ಅಂಟು ಇಪ್ಪತ್ತೇ ದಿನದಲ್ಲಿ ಹಿಡಿಯಿತು. ಪರವಾಗಿಲ್ಲ, ಚೆನ್ನಾಗಿಯೇ ಇದೆ ಎಂದು ನನಗೇ ಹೇಳಿದ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವ ಗಾದೆ ಯಾರನ್ನು ನೋಡಿ ಹುಟ್ಟಿತೋ ಗೊತ್ತಿಲ್ಲ, ಆ ದಿನ ಮಾತ್ರ ನನ್ನ ಕಣ್ಣೆದುರಿಗೇ ನಿಂತಿತ್ತು. ಸತ್ತವರಿಗೆಲ್ಲ ಅರ್ಧ ಸುತ್ತು ಬಿಟ್ಟವನು ಬದುಕಿದ್ದವಳಿಗೆ ಒಂದು ದಿನವೂ ಬಿಡಲಿಲ್ಲ. ಸ್ಕ್ರೂ ಬಿಗಿದದ್ದಕ್ಕೆ ಆವರೆಗೆ ಇದ್ದ ನೋವು ಆ ಡಬ್ಬ ನೋಡಿದ ಮೇಲೆ ಕಡಿಮೆಯಾಯಿತು. ಹಾಗೇ ಒಂಬತ್ತು ವರ್ಷ ಕಳೆಯಿತು. ಬಟ್ಟೆ ಹೊಲಿಯುವುದು, ದಿಂಬು ತುಂಬುವುದು ಎರಡೂ ನನ್ನ ಪಾಲಿಗೆ ಬಂದವು. ಅಪ್ಪ ಪ್ರತಿ ವಾರ ಸಮಾಧಿಗೆ ಹೋಗಿ ಹುಲ್ಲು ಕಿತ್ತು ಬರುತ್ತಿದ್ದ.

ಆಮೇಲೆ ಊರಿನ ಹೊಸ ಚರಂಡಿಯ ಕೆಲಸ ಶುರುವಾಯಿತು. ಅದು ಸ್ಮಶಾನದ ಕೆಳಗಿನ ಎರಡು ಸಾಲುಗಳನ್ನು ಹಾದು ಹೋಗಬೇಕು, ಆ ಸಾಲಿನವರನ್ನೆಲ್ಲ ಮೇಲಿನ ದಿಬ್ಬಕ್ಕೆ ಸಾಗಿಸುತ್ತೇವೆ, ಮನೆಯವರು ಬಂದು ನಿಲ್ಲಬಹುದು ಎಂದು ಚೀಟಿ ಬಂತು. ಅಪ್ಪನೂ ನಾನೂ ಹೋದೆವು. ಬಿಸಿಲು ಏರುವ ಮುಂಚೆಯೇ ತೋಡಲು ಶುರು ಮಾಡಿದ್ದರು. ಬೇರೆಯವರ ಪೆಟ್ಟಿಗೆಗಳು ಏನಾಗಿದ್ದವೋ ಹೇಳುವುದಿಲ್ಲ. ಅಮ್ಮನದು ತೇಗ, ಒಣ ಮಣ್ಣು, ಅಪ್ಪನ ಕೈಕೆಲಸ. ಇಡಿಯಾಗಿ ಬಂತು. ಗುಂಡಿ ತೋಡುವ ಅಣ್ಣನೇ ಬೆರಗಾಗಿ, ಮೇಸ್ತ್ರಿ, ನಿನ್ನ ಪೆಟ್ಟಿಗೆ ನಮ್ಮನ್ನೆಲ್ಲ ಹೂತ ಮೇಲೂ ಇರುತ್ತೆ ಎಂದ. ಅಪ್ಪನ ಮುಖ ಅರಳಿತು. ಬಗ್ಗಿ, ಅಂಗಿಯ ತುದಿಯಿಂದ ಮಣ್ಣು ಒರೆಸಿ, ಅಭ್ಯಾಸಬಲದಿಂದ ಬಲ ಭುಜದ ಹತ್ತಿರ ಹೆಬ್ಬೆರಳು ಸವರಿದ.

ಇನ್ನೊಮ್ಮೆ ಸವರಿದ.

"ಬಿಗಿಯಾಗಿದೆ," ಎಂದ. ಯಾರಿಗೂ ಅಲ್ಲ, ತನಗೇ. "ನಾನು ಮರ್ತಿದ್ದೀನಿ. ಅವತ್ತು ಕೈ ನಡುಗ್ತಿತ್ತು, ನೋಡು, ಜಾರಿರೋ ಗೀರೂ ಇದೆ. ಅವಳದನ್ನೇ ಮರ್ತುಬಿಟ್ಟೆ."

ಮುಚ್ಚುವ ಕೆಲಸವಿಲ್ಲದ ದಿನವಾದ್ದರಿಂದ ಅವನು ಸ್ಕ್ರೂಡ್ರೈವರ್ ತಂದಿರಲಿಲ್ಲ. ಅಲ್ಲಿದ್ದವರ ಕೈಯಲ್ಲಿ ಗುದ್ದಲಿ, ಹಾರೆ, ಹಗ್ಗ ಅಷ್ಟೇ. ಒಂಬತ್ತು ವರ್ಷ ಮಣ್ಣಲ್ಲಿದ್ದ ಸ್ಕ್ರೂ ಚಾಕುವಿಗೂ ನಾಣ್ಯಕ್ಕೂ ಬಗ್ಗುವಂಥದ್ದಲ್ಲ. ಮೇಲ್ವಿಚಾರಣೆಗೆ ಬಂದಿದ್ದ ಅಧಿಕಾರಿ ಒಳ್ಳೆಯವನೇ. ಹೊಸ ಗುಂಡಿಗೆ ಇಳಿಸಿ ಮಣ್ಣು ಹಾಕುವವರೆಗೆ ಏನು ಬೇಕಾದರೂ ಮಾಡಿಕೊಳ್ಳಿ, ಮಣ್ಣು ಬಿದ್ದ ಮೇಲೆ ಮುಟ್ಟುವ ಹಾಗಿಲ್ಲ, ಹೆಚ್ಚೆಂದರೆ ಅರ್ಧ ಗಂಟೆ ಕಾಯುತ್ತೇನೆ ಎಂದ. ಅಪ್ಪ ನನ್ನ ಕಡೆ ತಿರುಗಿದ. ಎಪ್ಪತ್ತು ದಾಟಿದವನ ಮುಖ ಚಿಕ್ಕ ಮಗುವಿನದರಂತೆ ಆಗಿತ್ತು. "ಓಡು. ಸ್ಕ್ರೂಡ್ರೈವರ್ ತಾ," ಎಂದ.

ಮನೆ ಹತ್ತು ನಿಮಿಷದ ದಾರಿ. ಓಡಿದರೆ ಆರೇಳು. ನಾನು ನಡೆದೆ. ಬೀಗ ತೆಗೆದು ಒಳಗೆ ಹೋದೆ. ಸ್ಕ್ರೂಡ್ರೈವರ್ ಮೇಜಿನ ಮೇಲೆ ಎದ್ದು ಕಾಣುವಂತೆ ಇತ್ತು. ಅದನ್ನು ತೆಗೆದುಕೊಂಡು ಅಪ್ಪ ಹಲಗೆ ಉಜ್ಜುವ ಕಟ್ಟೆಯ ಮೇಲೆ ಕೂತೆ. ಗೋಡೆಗೆ ಅಪ್ಪನ ಪೆಟ್ಟಿಗೆ ಒಂಟಿಯಾಗಿ ಒರಗಿತ್ತು. ಕಟ್ಟೆಯ ಕೆಳಗೆ ಡಬ್ಬದ ಅಂಟು, ಅದರ ಹಿಂದೆ ಜೇಡ ಬಲೆ ಕಟ್ಟಿದ ಅಮ್ಮನ ಅಂಟಿನ ಪಾತ್ರೆ. ಕೊಟ್ಟ ಮಾತು ಒಂದು ಕಡೆ, ಅಪ್ಪನ ಮುಖ ಇನ್ನೊಂದು ಕಡೆ. ಗೋಡೆ ಗಡಿಯಾರ ನೋಡುತ್ತಾ ನಲವತ್ತು ನಿಮಿಷ ಕೂತಿದ್ದೆ. ನಾನು ದಿಬ್ಬ ಹತ್ತುವಾಗ ಅವರು ಗುದ್ದಲಿಯ ಹಿಂಬದಿಯಿಂದ ಮಣ್ಣು ತಟ್ಟಿ ಸಮ ಮಾಡುತ್ತಿದ್ದರು. ಅಪ್ಪ ನನ್ನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡ. ದೂರ ಅಷ್ಟಿದೆ, ನೀನು ತಾನೇ ಏನು ಮಾಡುತ್ತೀಯಾ, ನಿನಗೂ ವಯಸ್ಸಾಯಿತು ಎಂದು ನನ್ನನ್ನೇ ಸಮಾಧಾನ ಮಾಡಿದ.

ಅವನು ಬೈದಿದ್ದರೆ ನಾನು ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆನೇನೋ. ಆದರೆ ಅಲ್ಲಿಂದ ಹನ್ನೊಂದು ದಿನ ಅವನು ಕೆಲಸ ಮುಟ್ಟಲಿಲ್ಲ. ತಟ್ಟೆಯ ಮುಂದೆ ಕೂತು, ಮುಟ್ಟದೆ ಎದ್ದು ಹೋಗುತ್ತಿದ್ದ. ಮಾತೆತ್ತಿದರೆ ಅದೇ: ಸಾವಿರಾರು ಜನರಿಗೆ ನೆನಪಿಟ್ಟುಕೊಂಡವನು ಅವಳಿಗೆ ಮರೆತೆ. ಅವಳು ಬಲಗೈಯಿಂದ ತಳ್ಳುತ್ತಾಳೆ, ಬಾಗಿಲು ಬರುವುದಿಲ್ಲ, ಗಂಡ ಬೇಕೆಂದೇ ಹಾಕಿಕೊಂಡು ಹೋದ ಎಂದುಕೊಳ್ಳುತ್ತಾಳೆ. ಪಾದ್ರಿ ಬಂದು, ಮೇಸ್ತ್ರಿ, ದೇವರ ಕೈಗೆ ಸ್ಕ್ರೂ ಲೆಕ್ಕವೇ ಅಲ್ಲ ಎಂದು ಎಷ್ಟು ಹೇಳಿದರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳಬೇಕಾದವಳು ನಾನು, ಇಲ್ಲಿ ಕದಿಯದವನು ಹೆಗಲು ಒರೆಸಿಕೊಳ್ಳುತ್ತಿದ್ದ. ಹನ್ನೆರಡನೆಯ ದಿನ ಮಧ್ಯಾಹ್ನ ಅವನ ಎದುರು ಕೂತು ಎಲ್ಲ ಹೇಳಿದೆ. ಅಮ್ಮ ಮಾತು ತೆಗೆದುಕೊಂಡದ್ದು, ಅವನು ಅಂಗಿ ಬದಲಿಸಲು ಹೋದದ್ದು, ಗೀರು ನನ್ನ ಕೈಯದು ಎನ್ನುವುದು.

ಅಪ್ಪ ತನ್ನ ಹೆಬ್ಬೆರಳು ನೋಡಿಕೊಂಡ.

"ಏಳೋದು ಬೇಡ ಅಂದ್ಲಾ? ಅಥವಾ ನನ್ನ ಪಕ್ಕದಲ್ಲಿ ಏಳೋದು ಬೇಡ ಅಂದ್ಲಾ?"

ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ, ನಾಲ್ಕು ಗಂಟೆಯದು, ಮೂವತ್ತಾರು ವರ್ಷದ್ದು. ಒಂದೇ ಒಂದು ದಿನ ನನಗೆ ಹೇಳಬಹುದಿತ್ತಲ್ಲ ಎಂದ. ಅಷ್ಟು ಹೊತ್ತು ತಗ್ಗಿಸಿದ್ದ ನನ್ನ ತಲೆ ಆಗ ಮೇಲಾಯಿತು.

"ವರ್ಷಾ ವರ್ಷಾ ಹೇಳಿದ್ಲಪ್ಪ. ಡಬ್ಬದ ಅಂಟು ತಾ ಅಂತ ಹೇಳಿದ್ದು ಮತ್ತಿನ್ನೇನು? ಅವಳು ಸತ್ತು ಇಪ್ಪತ್ತು ದಿನಕ್ಕೆ ತಂದೆ ನೀನು."

ಅವನು ಕಟ್ಟೆಯ ಕೆಳಗಿನ ಡಬ್ಬ ನೋಡಿದ. ಅದನ್ನು ಅಲ್ಲಿ ಬೇರೆ ಯಾರೋ ತಂದಿಟ್ಟಿದ್ದಾರೆ ಎನ್ನುವ ಹಾಗೆ ನೋಡಿದ. ಇಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಏಳಲು ಹೋದೆ. ಆಗ ಅವನು, ಮೊನ್ನೆ ಸ್ಕ್ರೂಡ್ರೈವರ್ ತರಲು ಹೋದಾಗ ಏನಾಯಿತು ಎಂದು ಕೇಳಿದ. ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. ಇದೇ ಕಟ್ಟೆಯ ಮೇಲೆ ಕೂತಿದ್ದೆ ಎಂದೆ.

"ಅವಳಿಗೆ ನನ್ನ ಮೇಲೆ ಸಿಟ್ಟಿತ್ತು, ಮಾಡಿದ್ಲು. ನೀನು ನನ್ನ ಮುಖ ನೋಡಿ ಹೋಗಿದ್ದೆ. ನೋಡಿಯೂ ಬಂದು ಇಲ್ಲಿ ಕೂತ್ಕೊಂಡಿದ್ದೆ," ಎಂದ.

ಮರುದಿನ ನಾನು ಬಂದಾಗ ಹೊಲಿಗೆ ಮೆಷಿನ್ನಿನ ಮೇಲೆ ಚಾದರ ಹೊದಿಸಿತ್ತು. ಇನ್ನು ಬರುವುದು ಬೇಡ ಎಂದು ನನ್ನ ಗಂಡನ ಹತ್ತಿರ ಹೇಳಿ ಕಳಿಸಿದ.

ಆಮೇಲಿನ ಒಂದೂವರೆ ವರ್ಷದ ಸಮಾಚಾರ ನನಗೆ ಬಂದದ್ದು ಬೇರೆಯವರ ಬಾಯಿಂದ. ಅಪ್ಪ ಕೆಲಸಕ್ಕೆ ಕೂತ. ಬಟ್ಟೆ ತಾನೇ ಹೊಲಿದ, ಹೊಲಿಗೆ ಹಾವು ಹರಿದಂತೆ ಸೊಟ್ಟಗೆ. ಮುಚ್ಚುವಾಗ ಎಂಟಕ್ಕೆ ಎಂಟೂ ಬಿಗಿಯುತ್ತಿದ್ದಾನೆ ಎಂದು ಗುಂಡಿ ತೋಡುವ ಅಣ್ಣ ಒಂದು ದಿನ ದಾರಿಯಲ್ಲಿ ನಿಲ್ಲಿಸಿ ಹೇಳಿದ. ಹೆಬ್ಬೆರಳು ಸವರಿ ನೋಡಿದೆ ತಾಯಿ, ಒಂದರಲ್ಲೂ ಬಿಟ್ಟಿಲ್ಲ, ಮೇಸ್ತ್ರಿಗೆ ಏನಾಗಿದೆ ಎಂದು ಕೇಳಿದ. ಭಾನುವಾರ ನಾನು ಹಿಂದಿನ ಬೆಂಚಿನಿಂದ ನೋಡುತ್ತಿದ್ದೆ. ಸಭೆಯೆಲ್ಲ ಎದ್ದು ನಿಂತು ನಂಬಿಕೆಯ ಮಾತುಗಳನ್ನು ಒಟ್ಟಿಗೆ ಹೇಳುವಾಗ, ಸತ್ತವರು ಏಳುವ ಸಾಲು ಬಂದ ಕೂಡಲೇ ಅಪ್ಪನ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಆ ಸಾಲು ದಾಟಿದ ಮೇಲೆ ಮತ್ತೆ ತೆರೆಯುತ್ತಿತ್ತು. ದೇವರನ್ನು ಬಿಟ್ಟಿರಲಿಲ್ಲ ಅವನು. ಏಳುವುದಕ್ಕೆ ಕಾರಣವೊಂದಿತ್ತು, ಅದನ್ನು ಹೆಂಡತಿಯೂ ಮಗಳೂ ಸೇರಿ ಕಿತ್ತುಕೊಂಡಿದ್ದೆವು. ಅಷ್ಟು ವರ್ಷದ ಅವನ ಆಸೆ ಒಂದು ಸ್ಕ್ರೂವಿನ ಅರ್ಧ ಸುತ್ತಿನಲ್ಲಿತ್ತು ಎಂದರೆ ನಗಬಹುದು. ನಾನು ನಗಲಾರೆ.

ಇನ್ನೊಂದು ಸುದ್ದಿಯನ್ನು ಪಕ್ಕದ ಮನೆಯ ಅಜ್ಜಿ ತಂದಳು. ನಿಮ್ಮಪ್ಪ ಡಬ್ಬದ ಅಂಟು ಎಸೆದಿದ್ದಾನೆ, ನಾಲ್ಕು ಗಂಟೆಗೆ ಅಡುಗೆಮನೆಯಲ್ಲಿ ದೀಪ ಉರಿಯುತ್ತದೆ, ಆ ಹಾಳು ವಾಸನೆ ಮತ್ತೆ ಶುರುವಾಗಿದೆ, ಸ್ವಲ್ಪ ಬುದ್ಧಿ ಹೇಳು ಎಂದಳು. ನಾನು ಒಂದು ದಿನ ಬೆಳಕು ಹರಿಯುವಾಗ ಆ ಮನೆಯ ಹಿಂದಿನ ಓಣಿಯಲ್ಲಿ ನಡೆದು ಹೋದೆ. ಕಿಟಕಿಯಲ್ಲಿ ಅಪ್ಪ ಕಂಡ. ಒಲೆಯ ಮುಂದೆ ನಿಂತು, ಕಣ್ಣು ಮುಚ್ಚಿಕೊಂಡೇ ಅಂಟು ತಿರುವುತ್ತಿದ್ದ. ಒಳಗೆ ಹೋಗಲು ಧೈರ್ಯವಾಗದೆ ವಾಪಸು ಬಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪ ಅಂಟಿನ ಪಾತ್ರೆಯ ಪಕ್ಕದಲ್ಲೇ ಬಿದ್ದ. ಆಸ್ಪತ್ರೆಯಿಂದ ನನಗೆ ಕರೆ ಬಂತು. ಹೋದಾಗ ಅವನ ಕೈ ದಿಂಬಿನ ಕೆಳಗಿತ್ತು, ದಿಂಬಿನ ಕೆಳಗೆ ಆ ಮರದ ಹಿಡಿಯ ಸ್ಕ್ರೂಡ್ರೈವರ್. ನರ್ಸು ಎಷ್ಟು ಬೈದರೂ ಬಿಡುತ್ತಿಲ್ಲ ಎಂದಳು. ಸ್ಮಶಾನದ ಆ ದಿನದಿಂದ ಅದು ಅವನ ಮೈಯಿಂದ ದೂರವಾಗಿರಲಿಲ್ಲ. ನಾನು ಸ್ಟೂಲು ಎಳೆದುಕೊಂಡೆ.

"ನಾಲ್ಕು ಗಂಟೆಗೆ ಏಳೋದು ಕಷ್ಟ," ಎಂದ. ಸ್ಕ್ರೂಡ್ರೈವರನ್ನು ದಿಂಬಿನ ಕೆಳಗಿನಿಂದ ಎಳೆದ. "ಅವಳದು ಒಳಗಿಂದ ತೆರೆಯಲ್ಲ. ಹೊರಗಿಂದ ಯಾರಾದ್ರೂ ತೆಗೀಬೇಕು. ನನ್ನದು ಅರ್ಧ ಸುತ್ತು ಬಿಡು. ಇದನ್ನ ನನ್ನ ಬಲಗೈಲಿ ಇಡು. ನಾನು ಮೊದಲು ಏಳ್ತೀನಿ. ಹೋಗಿ ಅವಳ ಪೆಟ್ಟಿಗೆ ತಟ್ಟಿ ಕೇಳ್ತೀನಿ."

"ಬೇಡ ಅಂದ್ರೆ?"

"ಬೇಡ ಅಂದ್ರೆ ಮಲಗ್ಲಿ. ಅವಳಾಗಿ ಕರೆಯೋವರೆಗೂ ಪಕ್ಕದಲ್ಲಿ ಕೂತಿರ್ತೀನಿ. ಒಲೆ ಅಂತ ಏನಾದ್ರೂ ಇದ್ರೆ ನಾನೇ ಹಚ್ತೀನಿ."

ನಾನು ಅತ್ತೆ. ಅಪ್ಪ ನನ್ನನ್ನು ನೋಡುತ್ತಿದ್ದ, ಕೈ ಚಾಚಲಿಲ್ಲ. ಕ್ಷಮಿಸಿದ್ದೇನೆ ಎನ್ನುವ ಮಾತು ಆ ಬಾಯಿಂದ ಬರಲಿಲ್ಲ, ಈಗ ಹೇಳುತ್ತಾನೆ, ಇನ್ನೇನು ಹೇಳುತ್ತಾನೆ ಎಂದು ಕಾದದ್ದೇ ಬಂತು. ನಾನು ಎದ್ದು ಬಾಗಿಲವರೆಗೆ ಹೋದಾಗ ಹಿಂದಿನಿಂದ ಅವನ ದನಿ ಕೇಳಿತು.

"ಈ ಸಲ ಕೂತ್ಕೊಂಡುಬಿಡಬೇಡ."

ಅದೇ ಅವನು ನನಗೆ ಆಡಿದ ಕೊನೆಯ ಮಾತು. ನಾಲ್ಕು ದಿನಕ್ಕೆ ಹೋದ. ಒಬ್ಬಳೇ ಮಗಳಿಗೆ ಬಿಟ್ಟು ಹೋಗುವ ಮಾತೇ ಅದು? ಇವತ್ತಿಗೂ ನೆನಪಾದರೆ ಎದೆಯಲ್ಲಿ ಚುಚ್ಚುತ್ತದೆ.

ಪೆಟ್ಟಿಗೆಯನ್ನು ಚರ್ಚಿನ ಪಕ್ಕದ ಕೋಣೆಯಲ್ಲಿ ಇಟ್ಟಿದ್ದರು. ಬಟ್ಟೆ ನಾನೇ ಹೊಲಿದಿದ್ದೆ, ನೇರವಾಗಿ. ದಿಂಬಿಗೆ ಅವನೇ ಉಜ್ಜಿ ಬಿಟ್ಟುಹೋದ ಸಿಪ್ಪೆ ತುಂಬಿದ್ದೆ. ಪಾದ್ರಿ ಪ್ರಾರ್ಥನೆ ಮುಗಿಸಿದರು, ಜನ ಒಬ್ಬೊಬ್ಬರಾಗಿ ನೋಡಿ ಹೊರಗೆ ಹೋದರು. ನಾನು ಸ್ಕ್ರೂಡ್ರೈವರನ್ನು ಅಪ್ಪನ ಬಲಗೈಯಲ್ಲಿಟ್ಟು ಬೆರಳುಗಳನ್ನು ಅದರ ಸುತ್ತ ಮಡಿಸಿದೆ. ಗುಂಡಿ ತೋಡುವ ಅಣ್ಣನೂ ನನ್ನ ಗಂಡನೂ ಸೇರಿ ಮುಚ್ಚಳ ಎತ್ತಿಟ್ಟರು. ಎಂಟು ಸ್ಕ್ರೂಗಳನ್ನು ಅವುಗಳ ತೂತಿನಲ್ಲಿ ನಿಲ್ಲಿಸಿದೆ. ಆಮೇಲೆ ಕೈ ಚಾಚಿದರೆ ಕೈಯಲ್ಲಿ ಏನೂ ಇಲ್ಲ. ಬಿಗಿಯಬೇಕಾದ ಸ್ಕ್ರೂಡ್ರೈವರ್ ಒಳಗಿತ್ತು.

ಮೇಸ್ತ್ರಿಯ ಮಗಳಾಗಿ ನನಗೆ ಇದು ಹೊಳೆದಿರಲಿಲ್ಲ. ಅಪ್ಪನಿಗೆ ಹೊಳೆದಿತ್ತೇ, ನನಗೆ ಗೊತ್ತಿಲ್ಲ. ಗಂಡ ಜೇಬಿನಿಂದ ನಾಣ್ಯ ತೆಗೆದು ಇದರಲ್ಲಿ ತಿರುಗಿಸು ಎಂದ. ಅಣ್ಣ ಸೊಂಟದ ಚಾಕು ತೋರಿಸಿದ. ಒಳಗಿರುವುದನ್ನೇ ತೆಗೆದು ಬಿಗಿದು, ಕೊನೆಗೆ ಹಾಗೇ ಇಟ್ಟುಕೊಂಡರೆ ಅವನಿಗೇನು ಗೊತ್ತಾಗುತ್ತದೆ ಎಂದು ಯಾರೋ ಬಾಗಿಲ ಆಚೆಯಿಂದ ಹೇಳಿದರು. ನಾಣ್ಯದಲ್ಲಿ ಬಿಗಿದ ಸ್ಕ್ರೂ ಗೀರಿಕೊಳ್ಳುತ್ತದೆ. ಅಪ್ಪನ ಪೆಟ್ಟಿಗೆಯ ಮೇಲೆ ಇನ್ನೊಂದು ಗೀರು ನನ್ನಿಂದ ಆಗುವುದಿಲ್ಲ. ಪ್ಲಾಸ್ಟಿಕ್ ಹಿಡಿಯ ಇನ್ನೊಂದು ಸ್ಕ್ರೂಡ್ರೈವರ್ ಅಪ್ಪನ ಮನೆಯಲ್ಲಿತ್ತು. ತರಲು ಬೇರೆಯವರು ಹೊರಟರು, ನಾನು ಬಿಡಲಿಲ್ಲ.

ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ. ನಲವತ್ತು ದಾಟಿದ ಹೆಂಗಸು, ಎರಡೂ ಮಂಡಿ ಹಾಳು, ಸಾವಿಗೆಂದು ಉಟ್ಟ ಸೀರೆ ಎತ್ತಿ ಕಟ್ಟಿಕೊಂಡು ನಡು ಬೀದಿಯಲ್ಲಿ ಓಡುತ್ತಿದ್ದರೆ ಜನ ನೋಡದೆ ಇರುತ್ತಾರೆಯೇ? ತರಕಾರಿ ಗಾಡಿಯವನು ದಾರಿ ಬಿಟ್ಟ. ಪಕ್ಕದ ಮನೆ ಅಜ್ಜಿ ಏನಾಯಿತು ಎಂದು ಕೂಗಿದಳು. ಒಳಗೆ ಕಟ್ಟೆ ಹಾಗೇ ಇತ್ತು, ಗಡಿಯಾರ ಹಾಗೇ ಇತ್ತು, ಒಲೆಯ ಮೇಲೆ ತಳ ಹಿಡಿದ ಅಂಟಿನ ಪಾತ್ರೆ ಇತ್ತು. ನಿಂತದ್ದು ಸ್ಕ್ರೂಡ್ರೈವರ್ ಎತ್ತಿಕೊಳ್ಳುವಷ್ಟು ಹೊತ್ತು ಮಾತ್ರ, ಮತ್ತೆ ಓಡಿದೆ. ಬಾಗಿಲು ಹಾಕಿ ಬಂದೆನೋ ಇಲ್ಲವೋ ನೆನಪಿಲ್ಲ.

ಕೋಣೆಗೆ ಬಂದಾಗ ಉಸಿರು ಮೇಲಕ್ಕೂ ಬರುತ್ತಿರಲಿಲ್ಲ, ಕೆಳಕ್ಕೂ ಹೋಗುತ್ತಿರಲಿಲ್ಲ. ಕೂತ್ಕೋ, ಸ್ವಲ್ಪ ಸುಧಾರಿಸ್ಕೋ ಎಂದು ಪಾದ್ರಿ ಕುರ್ಚಿ ಎಳೆದರು. ಬೇಡ ಎಂದೆ. ನಿಂತೇ ಏಳನ್ನು ಬಿಗಿದೆ, ಕೈ ಸೋಲುವಷ್ಟು. ಎಂಟನೆಯದನ್ನು ಪೂರ್ತಿ ಬಿಗಿದು, ಅರ್ಧ ಸುತ್ತು ಹಿಂದಕ್ಕೆ ಬಿಟ್ಟೆ. ಹೆಬ್ಬೆರಳಿನಿಂದ ಸವರಿ ನೋಡಿದೆ. ಕೂದಲೆಳೆಯಷ್ಟು ಮೇಲಿತ್ತು. ಗುಂಡಿ ತೋಡುವ ಅಣ್ಣನೂ ಬಂದು ಸವರಿ ನೋಡಿ ತಲೆಯಾಡಿಸಿದ. ಆಮೇಲೆ ನಾನು ಆ ಕುರ್ಚಿಯಲ್ಲಿ ಕೂತೆ.